ಸೋಪಾಕ ತನ್ನ ಅಪ್ಪನನ್ನು ಕರೆತಂದ

ದಿನದ ಧಮ್ಮ ಚಿಂತನೆ

 

ಇಂದಿನ ಓದಿಗೆ ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಿಂದ ಸೋಪಾಕನ ಪ್ರಸಂಗವನ್ನು ತೆಗೆದುಕೊಂಡಿದ್ದೇವೆ. ಚಿಕ್ಕ ಪ್ರಸಂಗ. ಪುಸ್ತಕ ಇದ್ದವರು ದಯವಿಟ್ಟು ಒಮ್ಮೆ ತೆಗೆದು ಓದಿ, ಆಮೇಲೆ ಇದನ್ನು ಓದಿ.

ಶ್ರಾವಸ್ತಿಯ ಒಬ್ಬ ಕಡುಬಡವಿ. ಹೆರಿಗೆ ನೋವಿನಲ್ಲಿ ಮೂರ್ಛೆ ಹೋದಳು. ಸತ್ತೇಹೋದಳೆಂದು ಬಂಧುಗಳು ಸುಡುಗಾಡಿಗೆ ಹೊತ್ತೊಯ್ದರು. ಗಾಳಿ ಮಳೆಗೆ ಬೆಂಕಿ ಹತ್ತಲಿಲ್ಲ, ಅಲ್ಲೇ ಬಿಟ್ಟು ಮನೆಗೆ ಹೋದರು. ಆಕೆಗೆ ಇನ್ನೂ ಜೀವ ಇತ್ತು. ಮಗುವನ್ನು ಹೆತ್ತಳು, ಆಮೇಲೆ ತೀರಿಕೊಂಡಳು. ಆ ಮಗುವನ್ನು ಎತ್ತಿಕೊಂಡವನು ಸುಡುಗಾಡು ಕಾಯುವವನು. ತನ್ನ ಸ್ವಂತ ಮಗ ಸುಪ್ಪಿಯನ ಜೊತೆಗೇ ಅದನ್ನೂ ಸಾಕಿದ. ಹುಡುಗನಿಗೆ ಏಳು ವರ್ಷ ಆಗಿದ್ದಾಗ ಭಗವಾನರು ಆ ದಾರಿಯಲ್ಲಿ ಬಂದರು. ಹುಡುಗ ಓಡಿಹೋಗಿ ನಮಸ್ಕರಿಸಿ, ನನ್ನನ್ನು ನಿಮ್ಮ ಶಿಷ್ಯನನ್ನಾಗಿ ಮಾಡಿಕೊಳ್ಳಿ ಎಂದ. ಭಗವಾನರು ಕೂಡಲೇ ಹ್ಞೂಂ ಅನ್ನಲಿಲ್ಲ. ನಿನ್ನ ತಂದೆಯ ಒಪ್ಪಿಗೆ ತೆಗೆದುಕೊಂಡು ಬಾ ಎಂದರು. ಸೋಪಾಕ ಹೋಗಿ ಅಪ್ಪನನ್ನೇ ಕರೆದುಕೊಂಡು ಬಂದ. ಅಪ್ಪ ಬಂದು ಕೈಮುಗಿದು, ನನ್ನ ಮಗನನ್ನು ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡ. ಆಮೇಲೆ ಸೇರಿಸಿಕೊಂಡರು.

ಈ ಪ್ರಸಂಗ ಓದುವಾಗ ನಾವು ಸಾಮಾನ್ಯವಾಗಿ ಕೊನೆಯ ಮಾತಿನ ಮೇಲೆ ನಿಲ್ಲುತ್ತೇವೆ: ಅಸ್ಪೃಶ್ಯ ಬಾಲಕನಿಗೆ ಸಂಘದ ಬಾಗಿಲು ತೆರೆಯಿತು. ಅದು ದೊಡ್ಡ ಮಾತೇ, ಯಾರೂ ಅಲ್ಲ ಅನ್ನುವುದಿಲ್ಲ. ಆದರೆ ಇಂದು ಅದಕ್ಕಿಂತ ಒಂದು ಸಾಲು ಹಿಂದೆ ಕೂರೋಣ. ‘ನಿನ್ನ ತಂದೆಯ ಒಪ್ಪಿಗೆ ತಾ.’ ಯಾವ ತಂದೆ? ಹೆತ್ತವನಲ್ಲ. ಊರಿನಲ್ಲಿ ಮಾನ ಇದ್ದವನಲ್ಲ. ಹೆಣ ಸುಡುವ ಜಾಗದಲ್ಲಿ ಬದುಕು ಕಳೆದವನು. ಅವನನ್ನು ಯಾರಾದರೂ ಏನನ್ನಾದರೂ ಕೇಳಿದ್ದುಂಟೇ? ಭಗವಾನರು ಕೇಳಿದರು.

ಈ ನಿಯಮ ಎಲ್ಲಿಂದ ಬಂತು ಎಂಬುದು ವಿನಯ ಪಿಟಕದ ಮಹಾವಗ್ಗದಲ್ಲಿದೆ. ರಾಹುಲನಿಗೆ ಪಬ್ಬಜ್ಜಾ ಆದಾಗ ಅಜ್ಜ ಶುದ್ಧೋದನ ಭಗವಾನರ ಬಳಿ ಬಂದು ಸಂಕಟ ಹೇಳಿಕೊಂಡ. ನೀನು ಹೋದಾಗಲೇ ನೊಂದಿದ್ದೆ, ನಂದ ಹೋದಾಗ ನೊಂದೆ, ಈಗ ಈ ಕೂಸೂ ಹೋಯಿತು, ಮಕ್ಕಳ ಮೇಲಿನ ಪ್ರೀತಿ ಚರ್ಮ ಮಾಂಸ ದಾಟಿ ಮೂಳೆಯ ಒಳಗಿನ ತನಕ ಕೊರೆಯುತ್ತದೆ ಎಂಬ ಅರ್ಥದಲ್ಲಿ ಅತ್ತ. ಭಗವಾನರು ಅದಕ್ಕೆ ವೈರಾಗ್ಯದ ಉಪದೇಶ ಕೊಟ್ಟು ಕಳಿಸಲಿಲ್ಲ. ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಪಬ್ಬಜ್ಜಾ ಕೊಡಬಾರದು ಎಂದು ಸಂಘಕ್ಕೇ ಕಟ್ಟಳೆ ಹಾಕಿದರು. ಒಬ್ಬ ರಾಜನ ಕಣ್ಣೀರಿನಿಂದ ಹುಟ್ಟಿದ ಕಟ್ಟಳೆ ಸುಡುಗಾಡು ಕಾಯುವವನಿಗೂ ಅಷ್ಟೇ ಸಲ್ಲುವುದನ್ನು ಸೋಪಾಕನ ಕಥೆಯಲ್ಲಿ ನೋಡುತ್ತೇವೆ.

ಇದನ್ನು ಇವತ್ತೇ ಎತ್ತಿಕೊಂಡಿದ್ದಕ್ಕೆ ಕಾರಣ ಇದೆ. ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ತಾಯಿ ಎಲ್ಲರೂ ಏಳುವ ತನಕ ಕಾದು ಕುಳಿತಿದ್ದರು. ಗಂಡ ಇಲ್ಲ. ಹದಿನಾಲ್ಕು ವರ್ಷದ ಮಗ ಶಾಲೆ ಬಿಟ್ಟಿದ್ದಾನೆ. ಎರಡು ಸಲ ರೈಲು ಹತ್ತಿ ಹೋಗಿ ಬಂದಿದ್ದಾನೆ. ಈಗ ಮನೆಗೆ ಬರುವುದೇ ಅಪರೂಪ, ಬಂದರೆ ಬಟ್ಟೆಯಲ್ಲಿ ಪಂಚರ್ ಸೊಲ್ಯೂಷನ್ ವಾಸನೆ. ನಮ್ಮವರೇ ಕೆಲವರು ‘ಅಕ್ಕಾ, ಬಾಲಮಂದಿರಕ್ಕೆ ಸೇರಿಸಿಬಿಡು’ ಅಂದರು. ಆಕೆ ಥಟ್ಟನೆ ಎದ್ದು ನಿಂತರು. ‘ಅಣ್ಣಾ, ನನ್ನ ಮಗ ಏನು ಕಳ್ಳ ಏನು, ಜೈಲಿಗೆ ಹಾಕಾಕ?’

ಆಕೆಯ ಈ ಮಾತಿಗೆ ಸರಿಯಾದ ಉತ್ತರ ಕೊಡುವುದು ನಮ್ಮ ಜವಾಬ್ದಾರಿ. ಏಕೆಂದರೆ ಈ ಭಯ ಆಕೆಯೊಬ್ಬರದೇ ಅಲ್ಲ, ನಮ್ಮ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ಕಾರಣವೂ ಇದೆ: ಖಾಕಿ, ಕಚೇರಿ, ಸಹಿ ಎಂದರೆ ನಮ್ಮ ಹಿರಿಯರಿಗೆ ಒಳ್ಳೆಯದು ಆದದ್ದು ಕಡಿಮೆ.

ಬಾಲಮಂದಿರ ಬೇರೆ, ವೀಕ್ಷಣಾಲಯ ಬೇರೆ. ಅಪರಾಧದ ಆರೋಪ ಇರುವ ಮಕ್ಕಳ ವಿಷಯ ನೋಡುವುದು ಬಾಲನ್ಯಾಯ ಮಂಡಳಿ, ಅವರನ್ನು ಇಡುವುದು ವೀಕ್ಷಣಾಲಯದಲ್ಲಿ. ಅದೂ ಜೈಲಲ್ಲ. ಆರೈಕೆ, ರಕ್ಷಣೆ ಬೇಕಾದ ಮಕ್ಕಳನ್ನು ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಈ ತಾಯಿಯ ಮಗ ಬರುವುದು ಇವರ ಮುಂದೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಏನೆಂದರೆ, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಬಾಲಮಂದಿರವಾಗಲಿ ತೆರೆದ ತಂಗುದಾಣವಾಗಲಿ, ಅದರ ಮುಖ್ಯ ಉದ್ದೇಶ ಮಗುವಿನ ರಕ್ಷಣೆ ಮತ್ತು ಮಗುವನ್ನು ತನ್ನವರ ಬಳಿಗೆ ಮರಳಿಸುವುದು. ತೆರೆದ ತಂಗುದಾಣ ಅಂದರೆ ಸ್ಟೇಷನ್ನು, ಬಸ್ ಸ್ಟ್ಯಾಂಡು, ಬೀದಿಯಲ್ಲಿ ಕಾಲ ಕಳೆಯುವ ಮಕ್ಕಳಿಗೆ ಸ್ವಲ್ಪ ಕಾಲ ಇರಲು, ಉಣ್ಣಲು, ಯಾರೊಡನಾದರೂ ಮಾತಾಡಲು ಇರುವ ಜಾಗ.

ಸಮಿತಿಯ ಮುಂದೆ ಮಗು ಬಂದ ಮೇಲೆ ಅವರು ಸಾಮಾಜಿಕ ತನಿಖೆ ಮಾಡಿಸುತ್ತಾರೆ. ಅದಕ್ಕೆ ಹದಿನೈದು ದಿನ ಗಡುವು. ಒಬ್ಬ ಕಾರ್ಯಕರ್ತರು ನಿಮ್ಮ ಮನೆಗೆ ಬರುತ್ತಾರೆ, ಒಲೆ ನೋಡುತ್ತಾರೆ, ದುಡಿಯುವವರು ಯಾರು, ಕುಡಿಯುವವರು ಯಾರು ಎಂದು ಕೇಳುತ್ತಾರೆ. ನಮ್ಮವರು ಇದನ್ನು ಪೊಲೀಸ್ ವಿಚಾರಣೆ ಅಂದುಕೊಂಡು ಸುಳ್ಳು ಹೇಳುತ್ತಾರೆ, ಎಲ್ಲಾ ಚೆನ್ನಾಗಿದೆ ಅಂತ. ಚೆನ್ನಾಗಿದ್ದರೆ ಸಹಾಯ ಯಾಕೆ ಎಂದು ಅವರು ಬರೆದುಕೊಂಡು ಹೋಗುತ್ತಾರೆ. ಇದು ‘ನಿನ್ನ ತಂದೆಯನ್ನು ಕರೆದುಕೊಂಡು ಬಾ’ ಎಂಬ ಮಾತಿನ ಸರ್ಕಾರಿ ರೂಪ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿ. ಬಂದವರು ಹಾಗೆ ಕೂತು ಕೇಳುವವರಾಗಿದ್ದರೆ ಭಾಗ್ಯ. ಕೆಲವು ಕಡೆ ‘ಮಗನನ್ನು ಯಾಕೆ ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ಗದರಿಕೆಯಿಂದಲೇ ಮಾತು ಶುರುವಾಗುತ್ತದೆ. ಅದಕ್ಕೇ ತಾಯಿ ಒಬ್ಬರೇ ಹೋಗಬಾರದು, ಜೊತೆಗೆ ಓದುಬರಹ ಬಲ್ಲ ಒಬ್ಬರು ಹೋಗಬೇಕು ಅನ್ನುವುದು.

ಇನ್ನೊಂದು ಮಾತು. ದಾರಿ ತಪ್ಪಿ ಬಂದ ಮಗು ಕಂಡರೆ ಕನಿಕರದಿಂದ ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ, ಪರಿಚಯದ ಯಾವುದೋ ಆಶ್ರಮಕ್ಕೆ ಬಿಟ್ಟು ಬರುವವರಿದ್ದಾರೆ. ಕರುಣೆ ಸರಿ, ದಾರಿ ಸರಿಯಲ್ಲ. 24 ಗಂಟೆಯೊಳಗೆ ಮಗು ಸಮಿತಿಯ ಮುಂದೆ ಹಾಜರಾಗಬೇಕು, ಪ್ರಯಾಣದ ಹೊತ್ತು ಬಿಟ್ಟು. ನೋಂದಣಿ ಇಲ್ಲದ ಆಶ್ರಮದಲ್ಲಿ ಮಕ್ಕಳನ್ನು ಇಡುವುದೇ ಅಪರಾಧ. ತಾಯಿ ಒಂದು ಕಡೆ ಹುಡುಕುತ್ತಿರುತ್ತಾಳೆ, ಮಗು ಇನ್ನೊಂದು ಕಡೆ ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ಬೆಳೆಯುತ್ತಿರುತ್ತದೆ. 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೇಕಿಲ್ಲ. ಮಗುವೇ ಮಾಡಬಹುದು.

ಈಗ ಮನೆ ಬಿಟ್ಟು ಹೋಗುವ ಹುಡುಗರ ಬಗ್ಗೆ. ‘ಕೆಟ್ಟ ಹುಡುಗ’ ಎಂಬ ಮಾತು ನಮ್ಮ ಬಾಯಲ್ಲಿ ಬಹಳ ಬೇಗ ಬರುತ್ತದೆ. ಧನಂಜಯ ಕೀರ್ ಅವರು ಬರೆದ ಬಾಬಾಸಾಹೇಬರ ಜೀವನಚರಿತ್ರೆಯಲ್ಲಿ ಒಂದು ಘಟನೆ ಇದೆ. ತಾಯಿ ತೀರಿಹೋಗಿ, ಸೋದರತ್ತೆ ಮೀರಾಬಾಯಿಯ ಆಸರೆಯಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮನಿಗೆ ಓಡಿಹೋಗುವ ಯೋಚನೆ ಬಂತು. ಸಾತಾರದ ಹುಡುಗರಿಗೆ ಮುಂಬಯಿಯ ಗಿರಣಿಗಳಲ್ಲಿ ಕೆಲಸ ಸಿಗುತ್ತದೆ ಎಂದು ಕೇಳಿದ್ದ. ರೈಲು ಚಾರ್ಜಿಗೆ ಅತ್ತೆಯ ಸೊಂಟದ ಹಣದ ಚೀಲ ಕದಿಯಬೇಕು ಎಂದುಕೊಂಡ. ಮೂರು ರಾತ್ರಿ ಪ್ರಯತ್ನಿಸಿದ. ನಾಲ್ಕನೇ ರಾತ್ರಿ ಚೀಲ ಕೈಗೆ ಸಿಕ್ಕಿತು. ಒಳಗೆ ಇದ್ದದ್ದು ಅರ್ಧ ಆಣೆ. ಅರ್ಧ ಆಣೆಗೆ ಮುಂಬಯಿ ಸಿಗುವುದಿಲ್ಲ. ಆ ಹೊತ್ತಿನಿಂದ ಮನಸ್ಸು ಓದಿನ ಕಡೆ ತಿರುಗಿತು.

ಚೀಲದಲ್ಲಿ ಎರಡು ರೂಪಾಯಿ ಇದ್ದಿದ್ದರೆ? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಸಾತಾರದಿಂದ ಆ ಕಾಲಕ್ಕೆ ರೈಲು ಹತ್ತಿದ ಬೇರೆ ಹುಡುಗರು ಏನಾದರು? ಅವರ ಚರಿತ್ರೆ ಯಾರೂ ಬರೆದಿಲ್ಲ. ಭೀಮನನ್ನು ಉಳಿಸಿದ್ದು ಬರೀ ಅರ್ಧ ಆಣೆಯೂ ಅಲ್ಲ. ಮನೆಯಲ್ಲಿ ಪುಸ್ತಕ ತಂದುಕೊಡುವ ಅಪ್ಪ ಇದ್ದ, ರಾತ್ರಿ ಪಕ್ಕದಲ್ಲಿ ಮಲಗುವ ಅತ್ತೆ ಇದ್ದಳು. ಇವತ್ತು ವಾಡಿ ಜಂಕ್ಷನ್ನಿನಲ್ಲೋ ರಾಯಚೂರಿನಲ್ಲೋ ರೈಲು ಹತ್ತುವ ನಮ್ಮ ಹುಡುಗನ ಅಪ್ಪ ಅಮ್ಮ ಬೆಂಗಳೂರಿನ ಯಾವುದೋ ಕಟ್ಟಡದ ತಳದಲ್ಲಿ ತಗಡಿನ ಶೆಡ್ಡಿನಲ್ಲಿರುತ್ತಾರೆ. ಹುಡುಗ ಅಜ್ಜಿಯ ಬಳಿ. ಅಜ್ಜಿಗೆ ಕಣ್ಣು ಕಾಣುವುದಿಲ್ಲ.

ಆದ್ದರಿಂದ ಮಗುವಿಗೆ ಸೂರು ಕೊಡುವುದು ಅರ್ಧ ಕೆಲಸ. ಮನೆಗೆ ಕೈಹಿಡಿ ಕೊಡದಿದ್ದರೆ ಮಗು ಮತ್ತೆ ಅದೇ ರೈಲು ಹತ್ತುತ್ತದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ ಇರುವುದು ಇದಕ್ಕೇ. ಮಗು ಮನೆಯಲ್ಲೇ ಇದ್ದು ಓದಲಿ ಎಂದು ತಿಂಗಳಿಗೆ ₹4,000. ವಿಧವೆಯರ, ಗಂಡ ಬಿಟ್ಟವರ ಮಕ್ಕಳಿಗೆ, ಅಜ್ಜಿ ಮಾವಂದಿರ ಬಳಿ ಇರುವ ಅನಾಥರಿಗೆ, ತಂದೆ ತಾಯಿ ಪ್ರಾಣಾಂತಿಕ ಕಾಯಿಲೆಯಲ್ಲಿರುವವರಿಗೆ, ಮನೆ ಬಿಟ್ಟು ಹೋಗಿ ಬಂದ ಮಕ್ಕಳಿಗೆ, ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಾದರೆ ₹72,000, ಪಟ್ಟಣದಲ್ಲಾದರೆ ₹96,000 ಮೀರಿರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಕೊಟ್ಟ ಮಾರನೇ ದಿನ ದುಡ್ಡು ಬರುತ್ತದೆ ಎಂದು ಯಾರಿಗೂ ಹೇಳಬೇಡಿ, ಬರುವುದಿಲ್ಲ. ಹಿಂದೆ ಬೀಳಬೇಕು.

ಹದಿನೆಂಟು ತುಂಬಿದ ಮಕ್ಕಳ ಸಂಕಟ ಇನ್ನೊಂದು. ಬಾಲಮಂದಿರದಲ್ಲಿ ಬೆಳೆದ ಹುಡುಗ ಹದಿನೆಂಟಕ್ಕೆ ಹೊರಬಿದ್ದರೆ ಎಲ್ಲಿಗೆ ಹೋಗಬೇಕು? ಜೀವಕನ ಕಥೆ ನಿಮಗೆಲ್ಲ ಗೊತ್ತು. ಹುಟ್ಟಿದ ಕೂಡಲೇ ಕಸದ ರಾಶಿಯ ಮೇಲೆ ಬಿಟ್ಟ ಕೂಸು. ಕಾಗೆಗಳು ಮುತ್ತಿದ್ದನ್ನು ಕಂಡ ರಾಜಕುಮಾರ ಅಭಯ, ಬದುಕಿದೆಯೇ ಎಂದು ಕೇಳಿದ. ಬದುಕಿದೆ ಎಂದರು. ಅದೇ ಹೆಸರಾಯಿತು. ದೊಡ್ಡವನಾದ ಮೇಲೆ ನನ್ನ ತಾಯಿ ಯಾರು, ತಂದೆ ಯಾರು ಎಂದು ಕೇಳಿದಾಗ ಅಭಯ, ತಾಯಿ ಯಾರೋ ನನಗೂ ತಿಳಿಯದು, ಸಾಕಿದ್ದರಿಂದ ತಂದೆ ನಾನೇ ಎಂದ. ಆಗ ಜೀವಕ ಯೋಚಿಸಿದ್ದು, ಕೈಯಲ್ಲಿ ಒಂದು ವಿದ್ಯೆ ಇಲ್ಲದೆ ಈ ಅರಮನೆಯಲ್ಲಿ ಬದುಕುವುದು ಕಷ್ಟ ಎಂದು. ತಕ್ಷಶಿಲೆಗೆ ಹೋಗಿ ಏಳು ವರ್ಷ ವೈದ್ಯ ಕಲಿತ. ಮುಂದೆ ಭಗವಾನರಿಗೇ ಮದ್ದು ಕೊಟ್ಟ.

ಅರಮನೆಯಲ್ಲಿ ಬೆಳೆದವನಿಗೇ ಏಳು ವರ್ಷ ಬೇಕಾಯಿತು. ನಮ್ಮ ಹುಡುಗನಿಗೆ ಹದಿನೆಂಟನೇ ಹುಟ್ಟುಹಬ್ಬದ ಮಾರನೇ ದಿನ ಎಲ್ಲ ಬಂದುಬಿಡಬೇಕು ಎಂದರೆ ಹೇಗೆ? ಕಾಯ್ದೆಯಲ್ಲಿ ಇದಕ್ಕೂ ದಾರಿ ಇದೆ. ಅನುಪಾಲನೆ ಎನ್ನುತ್ತಾರೆ, ಆಫ್ಟರ್ ಕೇರ್. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಬಹುದು. ಕೇಳಿದವರಿಗೆ ಮಾತ್ರ ಗೊತ್ತಾಗುವ ಯೋಜನೆಗಳಲ್ಲಿ ಇದೂ ಒಂದು. ಹುಡುಗನಿಗೆ ಹದಿನೇಳು ಆದಾಗಲೇ ಕೇಳಲು ಶುರುಮಾಡಬೇಕು.

ಬಾಬಾಸಾಹೇಬರು ಇದನ್ನು ಭಾಷಣದಲ್ಲಿ ಮಾತ್ರ ಹೇಳಿದವರಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಆ ಸಭೆಯ ವಿದ್ಯಾರ್ಥಿನಿಲಯ ಶುರುವಾಯಿತು. ಅವರು ಮುಂದೆ ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಸೇರಿತ್ತು. ಊಟ, ಹಾಸಿಗೆ, ದೀಪ. ಶಾಲೆಯ ಫೀಸು ಮಾಫಿ ಆದರೆ ಸಾಲದು, ರಾತ್ರಿ ಮಲಗುವ ಜಾಗ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆ ಹಾಸ್ಟೆಲುಗಳ ಅನ್ನ ತಿಂದು ಮೇಲೆ ಬಂದವರ ಮಕ್ಕಳು, ಮೊಮ್ಮಕ್ಕಳು ಈ ಗುಂಪಿನಲ್ಲೂ ಇರಬಹುದು.

ಸೋಪಾಕನ ಪ್ರಸಂಗದಲ್ಲಿ ಸುಪ್ಪಿಯನನ್ನು ಮರೆಯಬಾರದು. ಜೊತೆಯಲ್ಲಿ ಬೆಳೆದ ಆ ಸೋದರ ಮುಂದೆ ಸೋಪಾಕನಿಂದಲೇ ಧಮ್ಮ ಕಲಿತು ಸಂಘ ಸೇರಿದ. ಕಳೆದ ಭಾನುವಾರದ ಆ ತಾಯಿಗೂ ಇನ್ನೊಬ್ಬಳು ಮಗಳಿದ್ದಾಳೆ, ಒಂಬತ್ತು ವರ್ಷ. ಅಣ್ಣನ ಗದ್ದಲದಲ್ಲಿ ಆ ಹುಡುಗಿಯ ಬಗ್ಗೆ ಯಾರೂ ಒಂದು ಮಾತೂ ಕೇಳಿರಲಿಲ್ಲ.

ಈ ಭಾನುವಾರ ವಂದನೆ ಆದ ಮೇಲೆ ಅರ್ಧ ಗಂಟೆ ಎಲ್ಲರೂ ಇರಿ. ಆ ತಾಯಿಯ ಜೊತೆ ಸೋಮವಾರ ಸಮಿತಿಗೆ ಯಾರು ಹೋಗುವುದು ಎಂದು ಮಾತಾಡೋಣ. ಇಬ್ಬರು ಬೇಕು, ಒಬ್ಬರು ಮಹಿಳೆ ಇದ್ದರೆ ಒಳ್ಳೆಯದು. ಬೇರೆ ಯಾರ ಮನೆಯಲ್ಲಾದರೂ ಇಂಥ ಮಕ್ಕಳಿದ್ದರೆ ಮಗುವಿನ ಮತ್ತು ತಾಯಿಯ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ದಾಖಲೆ, ತಂದೆ ಇಲ್ಲದಿದ್ದರೆ ಮರಣ ಪ್ರಮಾಣಪತ್ರ ತನ್ನಿ. ಇಲ್ಲದ ಕಾಗದಕ್ಕೆ ಹೆದರಬೇಡಿ, ಅದನ್ನು ಮಾಡಿಸುವ ದಾರಿ ಅಲ್ಲೇ ನೋಡೋಣ. ಮಕ್ಕಳ ಹೆಸರು, ಫೋಟೋ ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ.

ಭವತು ಸಬ್ಬ ಮಂಗಲಂ. ಜೈಭೀಮ್.