ಸಕ್ಕರೆ ಏಳು, ಸಕ್ಕರೆ ನೂರಿಪ್ಪತ್ತಾರು

ಮೂವತ್ತು ಚಿಲ್ಲರೆ ವರ್ಷ ಇಂಗ್ಲೆಂಡಿನಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಕೆ.ಆರ್. ನಗರದ ಹಳೆಯ ಮನೆಗೆ ಸುಣ್ಣಬಣ್ಣ ಮಾಡಿಸಿಕೊಂಡು ಬಂದು ನೆಲೆಸಿದ ಹಿರಿಯರೊಬ್ಬರು ಲ್ಯಾಬಿನ ಹುಡುಗನ ಹತ್ತಿರ, ‘ನನ್ನ ಶುಗರ್ ಯಾವಾಗ್ಲೂ ಏಳರ ಆಸುಪಾಸು ಇರುತ್ತೆ ಕಣಪ್ಪ’ ಅಂದರಂತೆ. ಹುಡುಗ ತೋಳಿಗೆ ಕಟ್ಟುತ್ತಿದ್ದ ರಬ್ಬರ್ ಪಟ್ಟಿಯನ್ನು ಅಲ್ಲಿಗೇ ಬಿಟ್ಟು, ‘ಏಳಾ? ಏಳಿದ್ರೆ ನೀವು ನಡ್ಕೊಂಡು ಬರೋ ಹಂಗೇ ಇಲ್ಲ ಸಾರ್’ ಅಂದನಂತೆ.

ಇಬ್ಬರೂ ಹೇಳಿದ್ದು ಸರಿಯೇ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ರಕ್ತದ ಸಕ್ಕರೆಯನ್ನು ಲೀಟರಿಗೆ ಎಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ನಮ್ಮಲ್ಲೂ ಅಮೆರಿಕದಲ್ಲೂ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು. ಅವರದನ್ನು 18ರಿಂದ ಗುಣಿಸಿದರೆ ನಮ್ಮದು ಬರುತ್ತದೆ. ಖಾಲಿ ಹೊಟ್ಟೆಯ 7 ನಮ್ಮಲ್ಲಿ 126. ಮಧುಮೇಹದ ಗಡಿ ಎರಡೂ ಕಡೆ ಅದೇ. ಕೊಲೆಸ್ಟ್ರಾಲಿಗೆ ಈ ಹದಿನೆಂಟರ ಮಗ್ಗಿ ನಡೆಯದು, ಅವರ 5.2 ನಮ್ಮ 200. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಅಂತೂ ಪೂರಾ ತಿರುವುಮುರುವು: ಅಲ್ಲಿ 88, ಇಲ್ಲಿ 1. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನು ನಾವು ಶೇಕಡಾ ಲೆಕ್ಕದಲ್ಲಿ ಓದುತ್ತೇವೆ. ಬ್ರಿಟನ್ 2011ರಲ್ಲಿ ಅದನ್ನೂ ಬಿಟ್ಟಿತು, ನಮ್ಮ 6.5 ಅವರಿಗೆ 48. ಹೀಗಾಗಿ ಪರದೇಶದಿಂದ ಮರಳಿದವರ ಪೆಟ್ಟಿಗೆಯಲ್ಲಿ ಜೋಪಾನವಾಗಿ ಬಂದ ಹಳೆಯ ರಿಪೋರ್ಟುಗಳು ಇಲ್ಲಿಯ ಡಾಕ್ಟರ ಮೇಜಿನ ಮೇಲೆ ಒಂದು ಗಳಿಗೆ ಒಗಟಾಗಿ ಕೂರುತ್ತವೆ. ಸಂಜೆ ಹೊರಗಿನ ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿರುವಾಗ ಆ ಒಗಟು ಬಿಡಿಸುವ ಪುರುಸೊತ್ತು ಯಾರಿಗಿದೆ?

ಹೀಗೆ ಬಂದು ನೆಲೆಸುವವರು ಮೊದಲು ಕೇಳುವ ಪ್ರಶ್ನೆ, ‘ಇಲ್ಲಿ ಒಳ್ಳೆ ಲ್ಯಾಬ್ ಯಾವುದು?’ ಲ್ಯಾಬಿಗೆ ನಮ್ಮಲ್ಲಿ ಬರವಿಲ್ಲ. ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಸರ್ಕಾರಿ ಆಸ್ಪತ್ರೆಯ ಎದುರು ಮೆಡಿಕಲ್ ಸ್ಟೋರಿನ ಪಕ್ಕ ಒಂದಲ್ಲ ಒಂದು ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ನಿಮ್ಮ ಜಿಪಿ, ಅಂದರೆ ನಿಮಗೆಂದು ಗೊತ್ತಾದ ಡಾಕ್ಟರು, ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಲಿತಾಂಶವೂ ಹೋಗುವುದು ಅವರ ಬಳಿಗೇ. ಇಲ್ಲಿ ಚೀಟಿ ಬೇಡ, ಸರದಿಯ ದಿನಾಂಕ ಬೇಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೋಳು ಚಾಚಿದರೆ ಆಯಿತು. ‘ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ’ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆ ದೋಸೆ ಮುಗಿಸಿ, ಪೇಪರ್ ಓದಿ, ಎರಡನೆಯ ಬಾರಿ ಚುಚ್ಚಿಸಿಕೊಂಡು ಮನೆಗೆ ಹೋದರೆ ಸಂಜೆಗೆ ವಾಟ್ಸ್ಯಾಪಿನಲ್ಲಿ ರಿಪೋರ್ಟು. (ಆ ಎರಡು ಗಂಟೆಯನ್ನು ತಿಂಡಿ ಶುರುಮಾಡಿದ ಹೊತ್ತಿನಿಂದ ಎಣಿಸಬೇಕು, ಕಾಫಿ ಕುಡಿದು ಎದ್ದ ಹೊತ್ತಿನಿಂದ ಎಣಿಸುವವರೇ ಹೆಚ್ಚು.)

ಲ್ಯಾಬು ಆರಿಸುವಾಗ ನೋಡಬೇಕಾದ್ದು ಕೆಲವು ಉಂಟು. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆಯ ಮೇಲಿರಬೇಕು. ರಿಪೋರ್ಟಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರ ಸಹಿ ಬೇಕೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಹೇಳಿದೆ. ಇನ್ನು ಸಿರಿಂಜಿನ ರಕ್ತ ಯಾವ ಮುಚ್ಚಳದ ಟ್ಯೂಬಿಗೆ ಬೀಳುತ್ತದೆ ಎಂಬುದರ ಮೇಲೂ ಒಂದು ಕಣ್ಣಿರಲಿ. ಸಕ್ಕರೆಗೆ ಬೂದು ಮುಚ್ಚಳದ್ದು. ಅದರೊಳಗೆ ಫ್ಲೋರೈಡ್ ಇರುತ್ತದೆ. ಅದಿಲ್ಲದ ಟ್ಯೂಬಿನಲ್ಲಿ ಹಾಗೇ ಇಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು. ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದ ಸ್ಯಾಂಪಲ್ಲು ಬಿಸಿಲಿನಲ್ಲಿ ಮಧ್ಯಾಹ್ನದ ಗಾಡಿಗೆ ಕಾದು ಕೂತರೆ, ಹೊರಟಾಗ ಇದ್ದ ಶುಗರ್ ತಲುಪಿದಾಗ ಇರುವುದಿಲ್ಲ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ: ಕಣ ಒಡೆದರೆ ಒಳಗಿನದು ಹೊರಗೆ ಬಂದು ಲೆಕ್ಕ ಸುಮ್ಮಸುಮ್ಮನೆ ಏರುತ್ತದೆ.

ಆದರೂ ನನಗೆ ಲ್ಯಾಬಿಗಿಂತ ದೊಡ್ಡ ತೊಡಕಾಗಿ ಕಾಣುವುದು ರಿಪೋರ್ಟು ಬಂದ ಮೇಲಿನ ಸಂಜೆ. ಇಂಗ್ಲೆಂಡಿನಲ್ಲಿ ಕಾಯಿಸುತ್ತಿದ್ದರು ಎಂದು ಬೈದುಕೊಂಡವರಿಗೆ ಅಲ್ಲಿ ಒಬ್ಬರು ಓದುವವರಿದ್ದರು ಎನ್ನುವುದು ನೆನಪಾಗುವುದು ಆಗಲೇ. ಇಲ್ಲಿ ಕಾಗದ ನಿಮ್ಮ ಕೈಗೇ ಬರುತ್ತದೆ, ಅಲ್ಲಲ್ಲಿ ದಪ್ಪ ಅಕ್ಷರ, ನಕ್ಷತ್ರ ಚಿಹ್ನೆ. ಹಬ್ಬದ ರಿಯಾಯಿತಿಯಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸಿದರೆ ಎಪ್ಪತ್ತು ಎಂಬತ್ತು ಅಂಶ, ನಕ್ಷತ್ರಗಳಿಗೆ ಲೆಕ್ಕವಿಲ್ಲ. ಆರೋಗ್ಯವಂತರ ಪೈಕಿ ಶೇ 95 ಮಂದಿಯ ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೋ ಅದನ್ನೇ ಸಾಮಾನ್ಯವಾಗಿ ನಾರ್ಮಲ್ ಎಂದು ಅಚ್ಚು ಹಾಕುವುದು. ಅಂದರೆ ಏನೂ ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐವರು ಗೆರೆಯ ಆಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಗಟ್ಟಿಮುಟ್ಟಾದ ಆಳಿಗೂ ಕನಿಷ್ಠ ಒಂದು ನಕ್ಷತ್ರ ಬೀಳುವ ಸಂಭವ ಶೇ 64. ಆ ನಕ್ಷತ್ರವನ್ನು ಫೋಟೋ ತೆಗೆದು ಟೆಕ್ಸಾಸಿನ ಮಗನಿಗೆ ಕಳಿಸುವುದು, ಅವನು ನಿದ್ದೆಗೆಟ್ಟು ಗೂಗಲ್ ಮಾಡಿ ಇನ್ನೂ ನಾಲ್ಕು ಟೆಸ್ಟು ಹೇಳುವುದು, ಆ ನಾಲ್ಕರಲ್ಲಿ ಮತ್ತೊಂದು ನಕ್ಷತ್ರ. ಇದಕ್ಕೆ ಕೊನೆಯೇ ಇಲ್ಲ.

ಪರದೇಶಿಯಾಗಿ ಮುಪ್ಪು ಕಳೆಯುವುದೇನು ಎಂಬುದನ್ನು ಈ ಸೀಮೆ ಬಲ್ಲದು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕೊಟ್ಟಿತು ಆಗಿನ ಮೈಸೂರು ಸರ್ಕಾರ. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಶಿಬಿರವಾಯಿತು. ಆಗ ಹರೆಯದಲ್ಲಿ ಕಾಡು ಕಡಿದು ಜೋಳ ಹಾಕಿದವರು ಈಗ ಜಪಮಾಲೆ ಎಣಿಸುವ ಅಜ್ಜ ಅಜ್ಜಿಯರು. ಅವರಿಗೆ ಅಲ್ಲೇ ಆಧುನಿಕ ಆಸ್ಪತ್ರೆಯೂ ಇದೆ, 1916ರಲ್ಲಿ ಲಾಸಾದಲ್ಲಿ ಹುಟ್ಟಿ 1961ರಲ್ಲಿ ಧರ್ಮಶಾಲಾದಲ್ಲಿ ಮರುಜೀವ ಪಡೆದ ಮೆನ್-ತ್ಸೀ-ಖಾಂಗ್ ಸಂಸ್ಥೆಯ ಚಿಕಿತ್ಸಾಲಯವೂ ಇದೆ. ಟಿಬೆಟನ್ ವೈದ್ಯರು ನಾಡಿ ಹಿಡಿಯುತ್ತಾರೆ, ಬೆಳಗಿನ ಮೊದಲ ಮೂತ್ರದ ಬಣ್ಣ, ನೊರೆ, ವಾಸನೆ ನೋಡುತ್ತಾರೆ. ಅದರಿಂದ ಕ್ರಿಯಾಟಿನಿನ್ ತಿಳಿಯುತ್ತದೆಂದು ನಾನು ಹೇಳುತ್ತಿಲ್ಲ, ತಿಳಿಯುವುದಿಲ್ಲ. ಆದರೆ ಅಲ್ಲಿ ಪರೀಕ್ಷೆ ಮಾಡುವವರೂ ಅದರ ಅರ್ಥ ಹೇಳುವವರೂ ಒಬ್ಬರೇ, ಎದುರಿಗೇ ಕೂತಿರುತ್ತಾರೆ. ನಮ್ಮ ವಾಟ್ಸ್ಯಾಪ್ ರಿಪೋರ್ಟಿಗೆ ಆ ಭಾಗ್ಯವಿಲ್ಲ.

ಎದುರಿಗಿರುವವರು ಯಾರೆಂದು ತಿಳಿಯದೆ ಅಂಕಿ ಓದಿದರೆ ಆಗುವ ಎಡವಟ್ಟಿಗೆ ಎಚ್.ಡಿ. ಕೋಟೆಯ ಕಾಡಂಚು ಒಳ್ಳೆಯ ಉದಾಹರಣೆ. ಅಲ್ಲಿಯ ಜೇನುಕುರುಬ, ಕಾಡುಕುರುಬ ಹಾಡಿಗಳಲ್ಲಿ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ವಂಶದಲ್ಲಿ ಬರುತ್ತದೆ. ಆ ಕಾಯಿಲೆಯವರ ಕೆಂಪು ಕಣ 120 ದಿನ ಬಾಳುವುದಿಲ್ಲ, ಬೇಗ ಸಾಯುತ್ತದೆ. ಸಕ್ಕರೆ ಅಂಟಿಕೊಳ್ಳಲು ಪುರುಸೊತ್ತೇ ಸಿಗದೆ ಎಚ್‌ಬಿಎ1ಸಿ ಸುಳ್ಳಾಗಿ ಕಡಿಮೆ ತೋರುತ್ತದೆ. ಕಾಗದದಲ್ಲಿ ನಕ್ಷತ್ರವಿಲ್ಲ, ಮೈಯಲ್ಲಿ ಸಕ್ಕರೆ ಇದೆ. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಕೆಂಚನಹಳ್ಳಿ, ಸರಗೂರು ಆಸ್ಪತ್ರೆಗಳು ಈ ಜನರ ನಡುವೆಯೇ ದಶಕಗಳಿಂದ ದುಡಿಯುತ್ತಿವೆ. ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಬಂದದ್ದು 2023ರಲ್ಲಿ.

ಖರ್ಚಿನ ಮಾತು ಚುಟುಕಾಗಿ. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ವಯ ವಂದನಾ ಕಾರ್ಡು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ಹೋಗಿಬಂದು ಮಾಡಿಸುವ ರಕ್ತಪರೀಕ್ಷೆಗಲ್ಲ. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಇರುವವರು ಆರೋಗ್ಯ ವಿಮೆಗೆಂದು ಇರುವ ಮಿತಿಯೊಳಗೆ ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ತೋರಿಸಬಹುದು. ನಗದಾಗಿ ಕೊಟ್ಟಿದ್ದರೂ ಅಡ್ಡಿಯಿಲ್ಲ, ರಸೀದಿ ಇಟ್ಟುಕೊಳ್ಳಿ.

ಹುಣಸೂರಿನಲ್ಲಿ ಮಸ್ಕತ್ತಿನಿಂದ ನಿವೃತ್ತರಾಗಿ ಬಂದ ನರ್ಸಮ್ಮ ಒಬ್ಬರಿದ್ದಾರೆ. ಅವರು ಗಂಡನ ರಿಪೋರ್ಟುಗಳಿಗೆಂದೇ ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ವರ್ಷಕ್ಕೊಂದು ಸಾಲು, ಸಕ್ಕರೆ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಒಂದೊಂದಕ್ಕೂ ಒಂದು ಕಂಬಸಾಲು, ಮಸ್ಕತ್ತಿನ ಅಳತೆಯ ಕೆಳಗೆ ಕೆಂಪು ಶಾಯಿಯಲ್ಲಿ ಇಲ್ಲಿಯ ಅಳತೆ. ಕಳೆದ ಸಲ ಸಕ್ಕರೆಗೆ ನಕ್ಷತ್ರ ಬಿದ್ದಿತ್ತೆಂದು ಹೆದರಿಕೊಂಡೇ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಸಕ್ಕರೆಯ ಕಂಬಸಾಲನ್ನು ನೋಡಿ ಪರವಾಗಿಲ್ಲ ಅಂದರು. ಅವರ ಬೆರಳು ನಿಂತದ್ದು ಕ್ರಿಯಾಟಿನಿನ್ ಹತ್ತಿರ: 0.9, 1.0, 1.1, ಈಗ 1.3. ಲ್ಯಾಬಿನ ಗೆರೆ ಇರುವುದೇ 1.3ಕ್ಕೆ, ಅದಕ್ಕೆ ನಕ್ಷತ್ರ ಬಿದ್ದಿರಲಿಲ್ಲ. ‘ಮಂಡಿನೋವಿಗೆ ಏನಾದ್ರೂ ಮಾತ್ರೆ ನುಂಗ್ತಿದೀರಾ ಸಾರ್?’ ಎಂದು ಕೇಳಿದರು. ಯಜಮಾನರು ಡಾಕ್ಟರಿಗೆ ಉತ್ತರ ಹೇಳುವ ಮೊದಲು ಒಮ್ಮೆ ಹೆಂಡತಿಯ ಮುಖ ನೋಡಿದರಂತೆ. ಬಸ್ ಸ್ಟ್ಯಾಂಡಿನ ಮೆಡಿಕಲ್ಲಿನಲ್ಲಿ ಚೀಟಿ ಇಲ್ಲದೆ ತಂದು, ದಿನಕ್ಕೆರಡರಂತೆ ನುಂಗುತ್ತಿದ್ದ ಮಾತ್ರೆಯ ವಿಷಯ ಮನೆಯಲ್ಲಿ ಇನ್ನೂ ಗೊತ್ತಿರಲಿಲ್ಲ.