ಒಡೆದ ನೀರು

ಮೂಡಲಪಾಳ್ಯದ ನಮ್ಮ ಮನೆಗೆ ಕಾವೇರಿ ನೀರು ಬರುವ ದಿನ ಬೆಳಗಿನ ಜಾವವೇ ಎದ್ದು ಸಂಪಿನ ಮುಚ್ಚಳ ತೆಗೆದು ನೋಡುವುದು ನನ್ನ ಅಭ್ಯಾಸ. ನೀರೆಂದರೆ ತುಂಬಿಸುವುದು, ಕಾಯಿಸುವುದು, ಚೆಲ್ಲಿದ ಮಕ್ಕಳನ್ನು ಗದರುವುದು, ಇಷ್ಟೇ ಎಂದುಕೊಂಡಿದ್ದೆ. ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಕನ್ನಡ ಮತ್ತು ಸಮಾಜ. ನೀರು ಒಡೆಯುತ್ತದೆ ಎಂಬುದು ನನಗೆ ತಿಳಿದದ್ದು ಅಕ್ಕನ ಕಾಯಿಲೆಯಿಂದ.

ಅಕ್ಕನಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ ಊರಿನಿಂದ ನಮ್ಮ ಮನೆಗೇ ಕರೆತಂದೆವು. ವಾರಕ್ಕೆ 5 ದಿನದಂತೆ 6 ವಾರಕ್ಕೂ ಮೇಲೆ ವಿಕಿರಣ ಚಿಕಿತ್ಸೆ. ಜನ ಅದನ್ನು 'ಕರೆಂಟ್ ಕೊಡೋದು' ಎನ್ನುತ್ತಾರೆ. "ಅದು ಒಳಗೆ ಹೋಗಿ ಏನ್ ಮಾಡುತ್ತೆ?" ಎಂದು ಅಕ್ಕ ಕೇಳಿದಳು. ನನಗೂ ಗೊತ್ತಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕೇಳಿದೆ.

ಅವರು ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದು ತೋರಿಸಿದರು. ನಮ್ಮ ಜೀವಕೋಶದಲ್ಲಿ ಬಹುಪಾಲು ಇರುವುದು ನೀರೇ. ವಿಕಿರಣ ತಾಗಿದಾಗ ನೀರಿನ ಅಣುವಿನಿಂದ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ. ಉಳಿದದ್ದು ಮುರಿದು 'ಹೈಡ್ರಾಕ್ಸಿಲ್' ಎಂಬ ತುಂಡಾಗುತ್ತದೆ. ಕೋಶದೊಳಗೆ ಅದರ ಆಯುಷ್ಯ ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲು. ಅಷ್ಟರಲ್ಲೇ ಪಕ್ಕದಲ್ಲಿದ್ದ ಡಿಎನ್‌ಎಯ ಎಳೆಯನ್ನು ಕಡಿದುಬಿಡುತ್ತದೆ. ಎಕ್ಸ್-ಕಿರಣ, ಗಾಮಾ ಕಿರಣಗಳು ಡಿಎನ್‌ಎಗೆ ಮಾಡುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕವೇ ಆಗುವುದಂತೆ. ರೋಗದ ಕೋಶ ಸಾಯುವುದು ಹೀಗೆ. ಸುತ್ತಲಿನ ಒಳ್ಳೆಯ ಕೋಶ ನೋಯುವುದೂ ಹೀಗೆಯೇ.

ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ, ಕತ್ತಿನ ಚರ್ಮ ಕಪ್ಪಾಗುತ್ತದೆ ಎಂದು ವೈದ್ಯರು ನನಗೆ ವಿವರವಾಗಿಯೇ ಹೇಳಿದ್ದರು. ಅದನ್ನು ಅಕ್ಕನಿಗೆ ತಲುಪಿಸಬೇಕಾದವಳು ನಾನು. "ಬರೀ ಬೆಳಕು ಕಣೇ ಅಕ್ಕ, ಏನೂ ಆಗಲ್ಲ" ಎಂದೆ. ಕಾಗದಕ್ಕೆ ಅವಳ ಸಹಿ ಹಾಕಿಸಿದವಳೂ ನಾನೇ. ಹೆದರಿ ಊರಿಗೆ ಹೊರಟುಬಿಟ್ಟರೆ ಎಂಬ ಭಯ.

ನಾಲ್ಕನೆಯ ವಾರ ತಿಳಿಸಾರು ಅನ್ನವೂ ಗಂಟಲಲ್ಲಿ ಇಳಿಯದೆ ತಟ್ಟೆ ಸರಿಸಿ ಅಕ್ಕ ಕೇಳಿದಳು: "ನಿಂಗೆ ಮೊದಲೇ ಗೊತ್ತಿತ್ತಾ?" ನಾನು ತಲೆ ತಗ್ಗಿಸಿದೆ. "ಹೇಳಿದ್ರೆ ಬೇಡ ಅಂತಿದ್ನಾ? ಹೂಂ ಅಂತಲೇ ಇದ್ದೆ. ಆದ್ರೆ ಹೂಂ ಅಂದೋಳು ನಾನಾಗಿರ್ತಿದ್ದೆ."

ಆ ರಾತ್ರಿ ನನಗೆ ಕೈಗಾ ನೆನಪಾಯಿತು. ಕಾಳಿ ನದಿಯ ದಡದ ಆ ಅಣುಸ್ಥಾವರದಲ್ಲೂ ವಿಕಿರಣದಿಂದ ಭಾರಜಲ ಸದಾ ಒಡೆಯುತ್ತಲೇ ಇರುತ್ತದೆ. ಬಿಡಿಯಾದ ಅನಿಲಗಳನ್ನು ಮತ್ತೆ ಕೂಡಿಸಿ ನೀರಾಗಿಸುವ ಏರ್ಪಾಡೂ ಇರುತ್ತದೆ. ಆದರೆ 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. 50ಕ್ಕೂ ಹೆಚ್ಚು ನೌಕರರು ತಿಳಿಯದೆ ಕುಡಿದಿದ್ದರು. ಮೂತ್ರ ಪರೀಕ್ಷೆಯಲ್ಲಿ ಅದು ಬಯಲಾಯಿತು. ಯಾರೋ ಬೇಕೆಂದೇ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಆಗ ಹೇಳಿದರು. ಪತ್ರಿಕೆ ಓದಿ, "ಎಂಥ ಮನುಷ್ಯರಪ್ಪಾ!" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಅಂದವಳು ನಾನೇ.

ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ನಿಜ. ಅಲ್ಲಿದ್ದದ್ದು ಕೇಡು, ಇಲ್ಲಿದ್ದದ್ದು ಪ್ರೀತಿ. ಆದರೂ ಇನ್ನೊಬ್ಬರ ಮೈಯೊಳಗಿನ ನೀರು ಒಡೆಯುವ ಸಂಗತಿಯನ್ನು ಅವರಿಗೇ ತಿಳಿಸದೆ ಇರುವ ಹಕ್ಕನ್ನು ಪ್ರೀತಿ ಕೊಡುತ್ತದೆಯೇ? ಹೇಳಿದರೆ ಧೈರ್ಯಗೆಡುತ್ತಾರೆ ಎನ್ನುತ್ತೇವೆ. ಹಾಗೆನ್ನುವಾಗ ನಾವು ಕಾಪಾಡುವುದು ಹೆಚ್ಚಾಗಿ ನಮ್ಮ ಧೈರ್ಯವನ್ನೇ ಎಂದು ಈಗ ಅನ್ನಿಸುತ್ತದೆ. ಅಕ್ಕ ಅತ್ತರೆ ಎದುರಿಗೆ ಕೂತಿರುವ ಶಕ್ತಿ ನನಗಿರಲಿಲ್ಲ.

ಅಕ್ಕ ಗುಣವಾಗಿ ಊರು ಸೇರಿದಳು. ಇವತ್ತಿಗೂ ಮಾತಿನ ನಡುವೆ ಗುಟುಕು ನೀರು ಬೇಕು. ಸೊಂಟದ ಚೀಲದಲ್ಲಿ ಬಾಟಲಿ ಇದ್ದೇ ಇರುತ್ತದೆ. ಹೋದ ವರ್ಷ ನಮ್ಮ ಬೀದಿಯ ಹೆಂಗಸೊಬ್ಬರಿಗೆ ಅದೇ ಚಿಕಿತ್ಸೆ ಎಂದಾಯಿತು. ಅವರ ಮಗ ನನ್ನ ಬಳಿ ಬಂದು, "ಟೀಚರ್, ಅಮ್ಮನಿಗೆ ನೀವೇ ಸ್ವಲ್ಪ ಧೈರ್ಯ ಹೇಳಿ" ಎಂದ. ಹೋದೆ. ಬಾಯಿ ಒಣಗುವುದು, ರುಚಿ ಹೋಗುವುದು, ಅಕ್ಕ ಬದುಕಿರುವುದು, ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು?" ಎಂದು ಕೇಳಿದರು.