ಹೆಗಲು ಮುಟ್ಟಿಕೊಂಡವರು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಹೊತ್ತ ಕಾಯಿಯ ಬೂದಿ ಹೆಗಲಿಗೆ ಅಂಟಿದೆಯೋ ಏನೋ ಎಂಬ ಅಳುಕು ಕದ್ದವನಿಗಲ್ಲದೆ ಮತ್ತಾರಿಗೆ? ಇದೇ ಅಭಿಪ್ರಾಯವನ್ನು ಈಗ ಇನ್ನೊಂದು ರೂಪದಲ್ಲಿ ಕೇಳುತ್ತೇವೆ: ತಪ್ಪು ಮಾಡದವನಿಗೆ ಭಯವೇಕೆ? ಕೇಳುವುದಕ್ಕೆ ಬಹಳ ನ್ಯಾಯವಾಗಿರುವ ಮಾತು. ಆದರೆ ಗಾದೆ ಕಾಯಿದೆಯಾದರೆ ಏನಾದೀತು? ಅಮೆರಿಕದಲ್ಲಿ ಅದು ಹೆಚ್ಚುಕಡಮೆ ಕಾಯಿದೆಯೇ ಆಗಿದೆ. ಆ ಕಥೆಯನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದು.

1970ರ ಅಕ್ಟೋಬರ್ 26ರಂದು ಅಧ್ಯಕ್ಷ ನಿಕ್ಸನ್ ಅವರು ‘ಬ್ಯಾಂಕ್ ಸೀಕ್ರೆಸಿ ಆಕ್ಟ್’ ಎಂಬ ಶಾಸನಕ್ಕೆ ಸಹಿ ಹಾಕಿದರು. ಹೆಸರು ಕೇಳಿದರೆ ಬ್ಯಾಂಕಿನ ಗುಟ್ಟನ್ನು ಕಾಪಾಡುವ ಶಾಸನವೆಂದು ತೋರುತ್ತದೆ. ಅದು ಮಾಡಿದ್ದು ಅದಕ್ಕೆ ತೀರ ವಿರುದ್ಧವಾದ ಕೆಲಸ. ಸ್ಥಿತಿವಂತರು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ ಹಣ ಬಚ್ಚಿಟ್ಟು ತೆರಿಗೆ ತಪ್ಪಿಸುತ್ತಿದ್ದರು. ಪಾತಕಿಗಳ ಕೂಟಗಳೂ ಅದೇ ದಾರಿ ಹಿಡಿದಿದ್ದವು. ಅದನ್ನು ತಡೆಯಬೇಕೆಂಬ ಉದ್ದೇಶವನ್ನು ಯಾರು ತಾನೆ ಹಳಿದಾರು? 10,000 ಡಾಲರಿಗೆ ಮೀರಿದ ನಗದು ವ್ಯವಹಾರವನ್ನು ಬ್ಯಾಂಕು ಸರಕಾರಕ್ಕೆ ವರದಿ ಮಾಡತಕ್ಕದ್ದೆಂದು ನಿಯಮವಾಯಿತು. ಗ್ರಾಹಕನ ಲೆಕ್ಕ ಅವನ ಸ್ವಂತದ್ದಲ್ಲವೆ ಎಂಬ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ಪತ್ರಗಳು ಬ್ಯಾಂಕಿನವು, ಗ್ರಾಹಕನವಲ್ಲ ಎಂದು ಅದು 1976ರಲ್ಲಿ ತೀರ್ಪು ಕೊಟ್ಟಿತು. ಗುಟ್ಟನ್ನು ಮತ್ತೊಬ್ಬನ ಕೈಯಲ್ಲಿಟ್ಟವನು ಅದು ಸರಕಾರಕ್ಕೆ ತಿಳಿಯುವ ಅಪಾಯವನ್ನೂ ಒಪ್ಪಿಕೊಂಡಂತೆಯೇ ಎಂಬುದು ಅದರ ತರ್ಕ.

ಜನ ಜಾಣರು. ಹತ್ತು ಸಾವಿರಕ್ಕೆ ವರದಿಯಾಗುವುದಾದರೆ ಒಂಬತ್ತೂವರೆ ಸಾವಿರದಂತೆ ಎರಡು ಸಲ ಕಟ್ಟಿದರು. 1986ರಲ್ಲಿ ಶಾಸನಸಭೆ ಅದಕ್ಕೂ ಬೇಲಿ ಹಾಕಿತು. ವರದಿ ತಪ್ಪಿಸುವ ಉದ್ದೇಶದಿಂದ ಹಣವನ್ನು ಒಡೆದು ಕಟ್ಟುವುದೇ ಅಪರಾಧ. ಹಣ ಬೆವರು ಸುರಿಸಿ ಗಳಿಸಿದ್ದಾಗಿರಲಿ, ಅದರ ಮೇಲಿನ ತೆರಿಗೆ ಸಂದಿರಲಿ, ಅಪರಾಧ ಅಪರಾಧವೇ. ಎಂದರೆ, ಕಾಯಿ ಕದ್ದದ್ದಕ್ಕಲ್ಲ, ಹೆಗಲು ಮುಟ್ಟಿಕೊಂಡದ್ದಕ್ಕೆ ಶಿಕ್ಷೆ! 1994ರಲ್ಲಿ ಒಬ್ಬ ಜೂಜುಗಾರನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರು ಹೀಗೆ ಹಣ ಒಡೆಯುವುದೆಲ್ಲ ದುಷ್ಟತನವಾಗಬೇಕಾಗಿಲ್ಲವೆಂದು ಬರೆದರು. ಕಳ್ಳರ ಭಯ, ಲೆಕ್ಕತಪಾಸಣೆಯ ರಗಳೆ, ಬಿಟ್ಟುಹೋದ ಸಂಗಾತಿಗೆ ತನ್ನ ಐಶ್ವರ್ಯ ತಿಳಿಯಬಾರದೆಂಬ ಆಸೆ, ಇಂಥವೂ ಕಾರಣಗಳಾಗಬಹುದು. ಆದುದರಿಂದ, ಹಾಗೆ ಒಡೆಯುವುದು ಅಪರಾಧವೆಂದು ಆಪಾದಿತನಿಗೆ ಗೊತ್ತಿತ್ತೆಂಬುದನ್ನು ಸರಕಾರ ರುಜುವಾತುಪಡಿಸಬೇಕೆಂದು ತೀರ್ಪಾಯಿತು. ಶಾಸನಸಭೆ ಅದೇ ವರ್ಷ ಕಾಯಿದೆಯನ್ನು ತಿದ್ದಿ ಆ ಅಡ್ಡಿಯನ್ನು ತೆಗೆದುಹಾಕಿತು.

ಆಮೇಲೆ ಸಿಕ್ಕಿಬಿದ್ದವರಲ್ಲಿ ದಿನಸಿ ಅಂಗಡಿಯವರಿದ್ದರು, ಸಣ್ಣ ಹೋಟಲುಗಳವರಿದ್ದರು. ಆಪಾದನೆಯನ್ನೇ ಹೊರಿಸದೆ ಅವರ ಖಾತೆಯ ಹಣವನ್ನು ತೆರಿಗೆ ಇಲಾಖೆ ಜಪ್ತಿ ಮಾಡಿತು. ಕೂಗೆದ್ದ ಮೇಲೆ, ಅನ್ಯಾಯದ ಗಳಿಕೆಯಲ್ಲದ ಹಣವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲವೆಂದು ಇಲಾಖೆ 2014ರಲ್ಲಿ ಹೇಳಿತು. 2017ರಲ್ಲಿ ಸರಕಾರದ ತಪಾಸಕರೇ ಹಳೆಯ ಪ್ರಕರಣಗಳನ್ನು ತೆಗೆದು ನೋಡಿದರೆ, ಬಹುಪಾಲು ಹಣ ನ್ಯಾಯವಾಗಿ ಬಂದದ್ದೇ ಆಗಿತ್ತು! 2019ರಲ್ಲಿ ಶಾಸನವೇ ಈ ಜಪ್ತಿಗೆ ಮಿತಿ ಹಾಕಿತು.

ಇನ್ನು ಕಾಯಿ ಕದ್ದವರ ವಿಚಾರ. 2001ರ ಸೆಪ್ಟೆಂಬರ್ 11ರ ಘೋರ ಹತ್ಯೆಯನ್ನು ನಡೆಸಿದವರು ಅಮೆರಿಕದ ಬ್ಯಾಂಕುಗಳಲ್ಲಿ ತಮ್ಮ ಸ್ವಂತ ಹೆಸರಿನಲ್ಲೇ ಖಾತೆ ತೆರೆದಿದ್ದರು. ಇಡೀ ಸಂಚಿಗೆ ತಗುಲಿದ್ದು ನಾಲ್ಕರಿಂದ ಐದು ಲಕ್ಷ ಡಾಲರ್ ಎಂದು ವಿಚಾರಣಾ ಆಯೋಗ ಅಂದಾಜು ಮಾಡಿತು. ಆ ದಿನದವರೆಗೆ ಅವರ ವ್ಯವಹಾರ ಸಂಶಯಾಸ್ಪದವೆಂದು ಯಾವ ಬ್ಯಾಂಕೂ ವರದಿ ಮಾಡಿರಲಿಲ್ಲ. ನಿಜವಾದ ಪಾತಕಿಗಳು ಹೆಗಲು ಮುಟ್ಟಿಕೊಳ್ಳಲೇ ಇಲ್ಲ! ಆದರೂ ದುಃಖದಲ್ಲಿ, ಕೋಪದಲ್ಲಿ ದೇಶವು ಮೊರೆಹೊಕ್ಕದ್ದು ಹಳೆಯ ಬಲೆಯನ್ನೇ. ನಲವತ್ತೈದು ದಿನಗಳಲ್ಲಿ ‘ಪೇಟ್ರಿಯಟ್ ಆಕ್ಟ್’ ಸಿದ್ಧವಾಯಿತು. ಅದರ ಮೂರನೆಯ ಭಾಗ ಪೂರ್ತಿ ಹಣದ ವ್ಯವಹಾರದ್ದೇ. ಸೆನೆಟ್ಟಿನಲ್ಲಿ 98 ಮಂದಿ ಕೈಯೆತ್ತಿದರು. ಬೇಡವೆಂದವರು ವಿಸ್ಕಾನ್ಸಿನ್ನಿನ ಫೈನ್‌ಗೋಲ್ಡ್ ಒಬ್ಬರೇ. ಅದಕ್ಕೆ ತಿಂಗಳ ಮೊದಲು ವಿಶ್ವಸಂಸ್ಥೆಯ 1373ನೆಯ ನಿರ್ಣಯ ಎಲ್ಲ ರಾಷ್ಟ್ರಗಳಿಗೂ ಭಯೋತ್ಪಾದಕರ ಹಣದ ದಾರಿಯನ್ನು ಮುಚ್ಚುವಂತೆ ವಿಧಿಸಿತ್ತು.

ನಾವೂ ಇದರಿಂದ ದೂರವಿಲ್ಲ. ನಮ್ಮ ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆ 2002ರದು. ಜಾರಿಗೆ ಬಂದದ್ದು 2005ರ ಜುಲೈ 1ರಂದು. ಹತ್ತು ಲಕ್ಷ ರೂಪಾಯಿಗೆ ಮೀರಿದ ನಗದನ್ನೂ, ಒಂದೇ ತಿಂಗಳಲ್ಲಿ ಬಿಡಿಬಿಡಿಯಾಗಿ ಕಟ್ಟಿ ಒಟ್ಟಿನಲ್ಲಿ ಆ ಮಿತಿ ಮೀರಿದ ಸಂಬಂಧಪಟ್ಟ ಮೊತ್ತಗಳನ್ನೂ ಬ್ಯಾಂಕು ವರದಿ ಮಾಡಬೇಕೆನ್ನುತ್ತದೆ ಅದರ ನಿಯಮ. ಹಣಕ್ಕೆ ಕಳಂಕವಿಲ್ಲವೆಂದು ತೋರಿಸುವ ಹೊರೆಯನ್ನು ಆ ಕಾಯಿದೆ ಆಪಾದಿತನ ಮೇಲೆ ಹೊರಿಸುತ್ತದೆ. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇಂಥ ಕಾಯಿದೆಗಳೇ ಕೂಡದೆಂದು ನಾನು ಹೇಳುವವನಲ್ಲ. ಬಾಂಬಿಗೆ ಹಣ ಒದಗಿಸುವವನು ಬಾಂಬು ಇಡುವವನಷ್ಟೇ ಪಾಪಿ. ಸತ್ತವರ ಮನೆಯವರ ಮುಂದೆ ನಿಂತು ಗುಟ್ಟಿನ ಹಕ್ಕಿನ ಮೇಲೆ ಉಪನ್ಯಾಸ ಮಾಡುವ ಧೈರ್ಯ ನನಗಿಲ್ಲ. ಆದರೆ ‘ಭಯವೇಕೆ’ ಎಂದು ಕೇಳುವವರು ಭಯದ ಸ್ವಭಾವವನ್ನು ಅರಿತಿಲ್ಲವೆಂದು ನನಗೆ ತೋರುತ್ತದೆ. ಕಾಗದಪತ್ರಗಳೆಲ್ಲ ಸರಿಯಾಗಿದ್ದರೂ ತಾಲ್ಲೂಕು ಕಚೇರಿಯ ಮೆಟ್ಟಲು ಹತ್ತುವಾಗ ನನ್ನ ಎದೆ ಡವಗುಟ್ಟುತ್ತದೆ. ಅದು ಪಾಪಪ್ರಜ್ಞೆಯಲ್ಲ. ಒಂದು ಕಡೆ ಮೊಹರು, ಕಡತ, ಕಾನೂನು ಎಲ್ಲ ಇದ್ದು, ಇನ್ನೊಂದು ಕಡೆ ಒಬ್ಬನೇ ಮನುಷ್ಯ ನಿಂತಾಗ ಸಹಜವಾಗಿ ಹುಟ್ಟುವ ಅಳುಕು. ಬಲ್ಲಿದನಿಗೆ ಈ ಅಳುಕಿಲ್ಲ, ಅವನಿಗೆ ವಕೀಲರಿದ್ದಾರೆ. ಪಳಗಿದ ಪಾತಕಿಗೂ ಇಲ್ಲ. ಹೆಗಲಿನ ಮೇಲೆ ಕೈ ಹೋಗುವುದು ಹೆಚ್ಚಾಗಿ ಬಡಪಾಯಿಯದು.

ಗಾದೆಯಲ್ಲಿ ಮೊದಲು ಯಾರದೋ ಹಿತ್ತಿಲಿನ ಕಾಯಿ ನಿಜವಾಗಿ ಕಳುವಾಗಿರುತ್ತದೆ. ಜನ ಹೆಗಲು ನೋಡುವುದು ಆಮೇಲೆ. ಆ ಕ್ರಮದಲ್ಲಿ ಒಂದು ಧರ್ಮವಿದೆ. ಕಳುವೇ ಆಗದಿರುವಾಗ ಊರಿನವರ ಹೆಗಲನ್ನೆಲ್ಲ ನೋಡುತ್ತ ಕುಳಿತರೆ ಕಳ್ಳ ಸಿಕ್ಕಿಯಾನೋ ಇಲ್ಲವೋ, ನೆಟ್ಟಗಿರುವವರೂ ಅಳುಕಿ ನಡೆಯುವುದನ್ನು ಕಲಿಯುತ್ತಾರೆ. ಭಯದ ದಿನಗಳಲ್ಲಿ ಶಾಸನ ಬರೆಯುವವರು, ಕಳುವಾದದ್ದೇನೆಂದು ಮೊದಲು ಕೇಳುವಷ್ಟು ತಾಳ್ಮೆಯನ್ನಾದರೂ ಇಟ್ಟುಕೊಳ್ಳಬೇಡವೆ?